ಏಷ್ಯಾ ಖಂಡದಲ್ಲಿ ಒಂದು ಭಾನುವಾರ

ಭೂಗೋಳ ಕಲಿಸುವವನು ಊರು ಬಿಟ್ಟು ಹೋಗಿರಲೇಬೇಕೆಂಬ ನಿಯಮವೇನೂ ಇಲ್ಲ. ರಾಣೇಬೆನ್ನೂರಿನ ಹೈಸ್ಕೂಲೊಂದರಲ್ಲಿ ನಾನು ಏಷ್ಯಾ ಖಂಡವನ್ನು ಬೆತ್ತದ ತುದಿಯಲ್ಲಿ ಎಷ್ಟು ಸಲ ಸುತ್ತಿಸಿದ್ದೇನೋ ಲೆಕ್ಕವಿಲ್ಲ. ಗೋಬಿ ಮರುಭೂಮಿಯನ್ನು ಒಂದೇ ಪೀರಿಯಡ್ಡಿನಲ್ಲಿ ದಾಟಿಸಿ, ಗಂಟೆ ಬಾರಿಸುವ ತನಕ ಹುಡುಗರನ್ನು ಹಿಮಾಲಯದ ಮೇಲೆ ಕೂಡ್ರಿಸುತ್ತಿದ್ದೆ. ನಾನು ಖುದ್ದಾಗಿ ಕಂಡ ಏಷ್ಯಾ ಮಾತ್ರ ಇತ್ತ ಹರಿಹರಕ್ಕೆ ಮುಗಿಯುತ್ತಿತ್ತು, ಅತ್ತ ಹುಬ್ಬಳ್ಳಿಗೆ. ಇದರಿಂದ ನನಗಾಗಲಿ ಏಷ್ಯಾಕ್ಕಾಗಲಿ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆ ಶುರುವಾದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಹೈವೇ ಮೇಲೆ ಒಂದು ಬಸ್ಸು ಕೆಟ್ಟು ನಿಂತಾಗ.

ಆ ಬಸ್ಸಿನಿಂದ ಒಬ್ಬ ವಿದೇಶಿ ಗಂಡ, ಒಬ್ಬ ವಿದೇಶಿ ಹೆಂಡತಿ ಇಳಿದರು. ಗಂಡ ಉದ್ದಕ್ಕಿದ್ದ, ಹೆಂಡತಿ ಇನ್ನೂ ಉದ್ದಕ್ಕಿದ್ದಳು. ಇಬ್ಬರ ಬೆನ್ನ ಮೇಲೂ ತಲೆಗಿಂತ ಎತ್ತರದ ಚೀಲ. ಏಷ್ಯಾ ಸುತ್ತಲು ಹೊರಟವರೆಂದು ಗೊತ್ತಾದ ಕೂಡಲೇ ನಮ್ಮ ಹೆಡ್‌ಮಾಸ್ತರರು ಅದು ನನ್ನ ವಿಷಯವೆಂದು ತೀರ್ಮಾನಿಸಿ ಅವರನ್ನು ನಮ್ಮ ಮನೆಗೆ ಕಳಿಸಿಬಿಟ್ಟರು. ನನ್ನ ಹೆಂಡತಿ ಜುಬೇದಾ ರೊಟ್ಟಿ ಬಡಿದು ಹಾಕಿದಳು, ಅವರು ತಿಂದರು. ಏಷ್ಯಾದ ಬಗ್ಗೆ ನಿಮ್ಮ ಮೊದಲ ಅನಿಸಿಕೆಯೇನೆಂದು ನಾನು ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಕೇಳಿದೆ. ಪರ್ವತ, ನದಿ ಏನಾದರೂ ಹೇಳಿಯಾರೆಂದು ನನ್ನ ಆಸೆ. ಆ ಹೆಣ್ಣುಮಗಳು ನಕ್ಕು, ಇಲ್ಲಿ ಎಲ್ಲರೂ ಯಾಕೆ ಬಂದಿರಿ ಎಂದು ಕೇಳುತ್ತಾರೆ, ಸುಮ್ಮನೆ ಬಂದೆವು ಎಂದರೆ ಯಾರೂ ನಂಬುವುದಿಲ್ಲ ಎಂದಳು. ನಾನು ಅದನ್ನು ಜುಬೇದಾಳಿಗೆ ತಿಳಿಸಿ ಹೇಳಿ ನಕ್ಕೆ. ಅವಳು ನಗಲಿಲ್ಲ. ಮರುದಿನ ಹೊರಡುವಾಗ ಅವರು ತಮ್ಮಲ್ಲಿದ್ದ ಒಂದು ಹಳೆಯ ಸಣ್ಣ ಬೆನ್ನಚೀಲವನ್ನು ಅವಳ ಕೈಗಿಟ್ಟು ಹೋದರು.

ಚೀಲ ಅಡಿಗೆಮನೆಯ ಗೂಟಕ್ಕೆ ಬಿತ್ತು, ಸುಮ್ಮನೆ ಬಂದೆವು ಎಂಬ ಮಾತು ನನ್ನ ತಲೆಗೆ ಬಿತ್ತು. ನಮ್ಮ ಕಡೆ ಗಂಡಹೆಂಡತಿ ಕೂಡಿ ಊರು ಬಿಡಬೇಕಾದರೆ ಯಾರದಾದರೂ ಮದುವೆಯಾಗಬೇಕು, ಇಲ್ಲವೇ ಯಾರಾದರೂ ಸಾಯಬೇಕು. ಆಸ್ಪತ್ರೆಯೂ ನಡೆದೀತು. ಹಾಗೆ ಹೋದಾಗಲೂ ಇಬ್ಬರ ನಡುವೆ ನಮ್ಮ ಅಮ್ಮ, ಅಮ್ಮನ ಎಲೆಯಡಿಕೆ ಸಂಚಿ, ಒಂದು ಬುತ್ತಿಗಂಟು ಕೂತಿರುತ್ತಿದ್ದವು. ಮದುವೆಯಾಗಿ ಎರಡು ವರ್ಷವಾದರೂ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಜುಬೇದಾ ಬೇಡಿದ್ದು ಇಷ್ಟೇ: ಆ ಚೀಲ ಹಾಕಿಕೊಂಡು ಒಂದು ದಿನ ಇಬ್ಬರೇ ಹೋಗಬೇಕು, ಯಾರ ಮನೆಗೂ ಅಲ್ಲ, ಯಾವ ಕೆಲಸಕ್ಕೂ ಅಲ್ಲ. ನಾನು ಪರೀಕ್ಷೆ ಮುಗಿಯಲಿ ಎಂದೆ, ಬಿಸಿಲು ಇಳಿಯಲಿ ಎಂದೆ, ಬೆಳೆ ಬರಲಿ ಎಂದೆ. ನಮಗೆ ಹೊಲವೇ ಇರಲಿಲ್ಲ. ನಮ್ಮ ಮನೆಯಲ್ಲಿ ದಿನದ ಮಾತು ಉರ್ದುವಿನಲ್ಲಿ ನಡೆಯುತ್ತದೆ. ಜುಬೇದಾ ಕನ್ನಡಕ್ಕೆ ತಿರುಗಿದಳೆಂದರೆ ವಿಷಯ ಕೈಮೀರಿದೆಯೆಂದೇ ಅರ್ಥ.

ಒಂದು ದಿನ ಅವಳು ಕನ್ನಡದಲ್ಲಿ ಹೇಳಿದಳು, "ಈ ಐತವಾರ ಹೋಗೂದಾಗಲಿಲ್ಲಂದ್ರ ಆ ಚೀಲದಾಗ ಉಳ್ಳಾಗಡ್ಡಿ ತುಂಬತೇನಿ. ಮತ್ತ ಬಾಯಿ ಬಿಟ್ಟು ಕೇಳೂದಿಲ್ಲ."

ಉಳ್ಳಾಗಡ್ಡಿಯ ಮಾತಿಗಿಂತ ಆ ಕೊನೆಯ ಮಾತು ನನ್ನನ್ನು ಹೆದರಿಸಿತು. ಕೇಳುವುದನ್ನು ಬಿಟ್ಟುಬಿಟ್ಟ ಹೆಂಡಂದಿರನ್ನು ನಾನು ನಮ್ಮ ಬಳಗದಲ್ಲೇ ಕಂಡಿದ್ದೆ. ಹೀಗಾಗಿ ಆ ಭಾನುವಾರ ಚೀಲ ನನ್ನ ಬೆನ್ನೇರಿತು. ಬ್ಯಾಡಗಿಗೆ ಹೋಗಿ, ಅಲ್ಲಿಂದ ಹಾವೇರಿಗೆ ಹೋಗಿ, ಸಂಜೆಗೆ ವಾಪಸು ಬರುವುದು, ಇದು ನಮ್ಮ ಏಷ್ಯಾ ಪ್ರವಾಸ. ರೈಲಿನಲ್ಲಿ ಕೂತ ಕೂಡಲೇ ನಾನು ಕಿಟಕಿಯಾಚೆ ಕೈ ಮಾಡಿ ಎರೆಮಣ್ಣಿನ ಗುಣಧರ್ಮಗಳನ್ನು ವಿವರಿಸತೊಡಗಿದೆ. ಅವಳು ಸ್ವಲ್ಪ ಹೊತ್ತು ಕೇಳಿ, "ಮಾಸ್ತರ್ರ, ಇವತ್ತ ಸೂಟಿ ಐತಿ" ಎಂದಳು.

ಬ್ಯಾಡಗಿಯಲ್ಲಿ ಜುಬೇದಾಳ ಚಾಚಾ, ಅಂದರೆ ಅವಳ ತಂದೆಯ ತಮ್ಮ, ಮೆಣಸಿನಕಾಯಿ ವ್ಯಾಪಾರಿ. ಕಣ್ಣಿಗೆ ಬಿದ್ದರೆ ಊಟವಾಗದೆ ಬಿಡುವವರಲ್ಲ. ಆದ್ದರಿಂದ ಅವರ ಅಂಗಡಿ ತಪ್ಪಿಸಿ, ಮಾರ್ಕೆಟ್ ಯಾರ್ಡಿನ ಹಿಂದಿನ ಸಾಲಿನಲ್ಲಿ ಕೆಂಪು ರಾಶಿಗಳನ್ನು ನೋಡಿಕೊಂಡು ಜಾರಿಕೊಳ್ಳುವುದೆಂದು ಇಬ್ಬರೂ ಗೊತ್ತು ಮಾಡಿಕೊಂಡಿದ್ದೆವು. ಸೋಮವಾರದ ಪೇಟೆಗೆಂದು ಚೀಲಗಳು ಬಂದಿಳಿಯುತ್ತಿದ್ದವು. ಯಾರೋ ಹಮಾಲರು ಒಂದು ಚೀಲ ಕೊಡವಿದರು, ನಾನು ಸೀನಿದೆ. ನನ್ನ ಸೀನು ಎರಡೂ ಮನೆತನಗಳಲ್ಲಿ ಹೆಸರುವಾಸಿಯಾದದ್ದು. ನಮ್ಮ ಮದುವೆಯಲ್ಲಿ ಖಾಜಿಯವರು ನಿಕಾಹ್ ನಿಲ್ಲಿಸಿ ಅದು ಮುಗಿಯುವುದನ್ನೇ ಕಾಯುತ್ತ ಕೂತಿದ್ದರು. ಹೀಗಾಗಿ ಮೂರನೆಯ ಸೀನಿಗೆ ಚಾಚಾ ಎದುರಿಗೆ ಬಂದು ನಿಂತದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಯಾಕೆ ಬಂದಿರಿ ಎಂದು ಚಾಚಾ ಕೇಳಿದರು. ಸುಮ್ಮನೆ ಬಂದೆವು ಎಂದೆ. ಅವರು ನನ್ನ ಬೆನ್ನ ಮೇಲಿನ ಚೀಲ ನೋಡಿದರು, ಆಮೇಲೆ ಅಣ್ಣನ ಮಗಳ ಮುಖ ನೋಡಿದರು. ಮೆಣಸಿನಕಾಯಿ ಘಾಟಿಗೆ ಅವಳ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಹಗಲೆಲ್ಲ ಆ ಘಾಟಿನಲ್ಲೇ ಉಸಿರಾಡುವ ಚಾಚಾಗೆ ಆ ನೀರು ಮೆಣಸಿನಕಾಯಿಯದ್ದೆಂದು ಹೊಳೆಯಲೇ ಇಲ್ಲ. ಗಂಡಹೆಂಡತಿ ಮನೆಯವರ ಜೊತೆ ಜಗಳವಾಡಿ ಅರಿವೆ ಕಟ್ಟಿಕೊಂಡು ಹೊರಬಿದ್ದಿದ್ದಾರೆಂದು ಅವರಿಗೆ ಖಾತ್ರಿಯಾಯಿತು. ಚಹಾ ತರಿಸಿದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಅಕಿ ಇನ್ನಾ ಸಣ್ಣಾಕಿ. ನೀವು ಶ್ಯಾಣ್ಯಾರು, ನೀವ ತಡಕೋಬೇಕ್ರಿ" ಎಂದರು. ಬೇಗ ಬಿಡುಗಡೆಯಾಗಲೆಂದು ನಾನು ಹೌದ್ರಿ ಎಂದೆ. ಆ ಹೌದು ಎಂಬ ಮಾತು ನನಗಿಂತ ಮೊದಲೇ, ಅವರ ಅಂಗಡಿಯ ಫೋನಿನಲ್ಲಿ, ಜುಬೇದಾಳ ತವರಾದ ಹಾವೇರಿ ಮುಟ್ಟಿತು.

ಹಾವೇರಿ ಸ್ಟೇಷನ್ನಿನಲ್ಲಿ ಜುಬೇದಾಳ ಅಣ್ಣ ತನ್ನ ಸೈಕಲ್ ಅಂಗಡಿಗೆ ಬಾಗಿಲು ಹಾಕಿ ಬಂದು ನಿಂತಿದ್ದ. ಮುಖದಲ್ಲಿ ರಾಜಿ ಮಾಡಿಸುವವರ ಗಾಂಭೀರ್ಯ. ಮನೆಯಲ್ಲಿ ಹಿರಿಯರು ಕೂತಿದ್ದಾರೆ, ಬಿರ್ಯಾನಿ ಆಗುತ್ತಿದೆ, ಎಲ್ಲ ಮಾತಾಡಿ ಬಗೆಹರಿಸೋಣ ಎಂದು ತಂಗಿಯ ಕೈ ಹಿಡಿದ. ಅವನು ನನ್ನ ಹೆಗಲಿನಿಂದ ಚೀಲ ಇಳಿಸಿಕೊಳ್ಳಲು ಬಂದಾಗ ಜುಬೇದಾ ನನ್ನ ಕಡೆ ನೋಡಿದಳು. ಇದು ಉಳ್ಳಾಗಡ್ಡಿಯ ದಾರಿ ಎಂದು ನನಗೆ ತಿಳಿಯಿತು. ಎಂದೂ ಭಾವನಿಗೆ ಎದುರಾಡದ ನಾನು ಚೀಲದ ಪಟ್ಟಿಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಕೊಡೂದಿಲ್ರಿ ಎಂದೆ. ಇಷ್ಟೇ ನನ್ನ ಶೌರ್ಯ. ಉಳಿದದ್ದನ್ನು ಅವಳು ನೋಡಿಕೊಂಡಳು.

"ಭಾಯಿ, ನಾವು ಜಗಳಾಡಿಲ್ಲ. ನೀ ಹಿಂಗ ಇನ್ನೊಂದು ತಾಸು ನಿಂದ್ರಿಸಿದ್ರ ಆಡತೇವಿ."

ಅವನು ನಂಬಿದನೆಂದಲ್ಲ. ಆದರೆ ತಂಗಿ ಕನ್ನಡಕ್ಕೆ ತಿರುಗಿದ್ದರ ಅರ್ಥ ಅವನಿಗೂ ಗೊತ್ತಿತ್ತು. ಬಿರ್ಯಾನಿಯ ಭಾರ ಹೊತ್ತುಕೊಂಡು ಒಬ್ಬನೇ ಹೊರಟುಹೋದ.

ನಾವು ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಹೆಗ್ಗೇರಿ ಕೆರೆಯ ದಂಡೆಗೆ ಹೋಗಿ ಕೂತೆವು. ಇಷ್ಟೆಲ್ಲ ಹೋರಾಡಿ ಇಬ್ಬರೇ ಆದಮೇಲೆ ನೋಡಿದರೆ, ಮಾತೇ ಇಲ್ಲ. ಗಾಬರಿಯಾಗಿ ನಾನು ಕೆರೆಗಳ ಉಗಮದ ಬಗ್ಗೆ ಬಾಯಿ ತೆರೆದೆ. ಅವಳು ಆ ಬಾಯಿಗೆ ಒಂದು ಮಿರ್ಚಿ ಇಟ್ಟಳು. ಆಮೇಲೆ ತಾನೇ ಮಾತಾಡಿದಳು. ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಾದರೂ ಈ ದಂಡೆಯ ಮೇಲೆ ಒಮ್ಮೆಯೂ ಕೂತಿರಲಿಲ್ಲವಂತೆ. ಕೆಲಸವಿದ್ದಾಗ ಹೊರಬಂದದ್ದು, ಕೆಲಸ ಮುಗಿದ ಕೂಡಲೇ ಮನೆ ಸೇರಿದ್ದು. ನೀರಿನ ಮೇಲೆ ಕಲ್ಲು ಜಿಗಿಸಲು ಬರುತ್ತದೆಯೇ ಎಂದು ಕೇಳಿದಳು. ನನಗೆ ಬರಲಿಲ್ಲ. ಅವಳಿಗೆ ಬರುತ್ತಿತ್ತು, ಹಿತ್ತಲ ಹೊಂಡದಲ್ಲಿ ಕಲಿತಿದ್ದಳಂತೆ. ಕಲ್ಲು ನೀರು ಮುಟ್ಟಿ ಮುಟ್ಟಿ ದೂರ ಹೋದಾಗ ಅವಳು ಗಟ್ಟಿಯಾಗಿ ನಕ್ಕಳು. ಅಷ್ಟು ದೊಡ್ಡ ನಗು ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಇತ್ತು, ನಾನು ಕೇಳಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಮೊದಲ ಅನಿಸಿಕೆ ಏನೆಂದು ಆ ವಿದೇಶಿಯರು ನನ್ನನ್ನೇ ಕೇಳಿದ್ದರೆ ಅವತ್ತು ಹೇಳುತ್ತಿದ್ದೆ.

ಮನೆಗೆ ಬಂದರೆ ಅಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಎದುರಿನ ಔಷಧಿ ಅಂಗಡಿಗೂ ಚಾಚಾರ ಫೋನು ಬಂದಿತ್ತು. ತಾನೇ ಏನೋ ಅಂದು ಸೊಸೆಯ ಮನಸ್ಸು ನೋಯಿಸಿದೆನೆಂದು ತಿಳಿದು, ರಾಜಿಗಾಗಿ ಶಿರಾ ಮಾಡಿಟ್ಟಿದ್ದಳು. ಜುಬೇದಾ ಪಕ್ಕದಲ್ಲಿ ಕೂತು ರೈಲು, ಮೆಣಸಿನಕಾಯಿ, ಕೆರೆ ಎಲ್ಲವನ್ನೂ ಹೇಳಿದಳು. ಅಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಅಮ್ಮ ಕರ್ಜಗಿಯವಳು, ಹಾವೇರಿಯ ಆಚೆಗಿನ ಆ ಊರಿಗೆ ಅವಳು ಹೋಗಿಬಂದದ್ದೆಲ್ಲ ಮದುವೆಗೋ ಮಣ್ಣಿಗೋ.

"ಒಮ್ಮೆರ ಕರ್ಜಗ್ಯಾಗ ಇಳೀದ ಮುಂದ ಹೋಗಬೇಕವಾ" ಎಂದು ಅಮ್ಮನೂ ಕನ್ನಡಕ್ಕೆ ತಿರುಗಿದಳು, "ಕಿಟಕ್ಯಾಗಿಂದ ನಮ್ಮೂರು ಹೆಂಗ ಕಾಣತೈತಿ ನೋಡಬೇಕು."

ಮುಂದಿನ ಭಾನುವಾರ ಅತ್ತೆ ಸೊಸೆ ಇಬ್ಬರೂ ಆ ಚೀಲದೊಂದಿಗೆ ಹೊರಟರು. ನಾನು ಉಪದೇಶ ಮಾಡುತ್ತೇನೆ, ಸೀನಿ ಗುಟ್ಟು ರಟ್ಟು ಮಾಡುತ್ತೇನೆ ಎಂಬ ಎರಡು ಕಾರಣಗಳಿಗಾಗಿ ನನ್ನನ್ನು ಬಿಟ್ಟುಹೋದರು. ನಾನು ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದನ್ನು ಕಂಡು ಔಷಧಿ ಅಂಗಡಿಯವರು ಹೆಣ್ಣುಮಕ್ಕಳೆಲ್ಲಿ ಎಂದು ವಿಚಾರಿಸಿದರು. ಚೀಲ ತಗೊಂಡು ಸುಮ್ಮನೆ ಹೋಗಿದ್ದಾರೆ ಎಂದೆ. ಅವರು ನೇರ ಅಂಗಡಿಗೆ ಹೋಗಿ ಫೋನು ಎತ್ತಿದರು. ಮಧ್ಯಾಹ್ನದ ಹೊತ್ತಿಗೆ ಹಾವೇರಿಯಿಂದ ನನ್ನ ಭಾವ ಬಂದಿಳಿದ. ಈ ಸಲ ನನಗೆ ಸಮಾಧಾನ ಹೇಳಲು, ಬಿರ್ಯಾನಿಯ ಡಬ್ಬಿಯನ್ನೂ ಹಿಡಿದುಕೊಂಡು ಬಂದಿದ್ದ. ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ನಾನು ಹೌದ್ರಿ ಎಂದು ಊಟಕ್ಕೆ ಕೂತೆ.