ಎಂಟು ಗಂಟೆಯ ಗುಳಿಗೆ

ಆ ದಿನದ ಅನಾಹುತಕ್ಕೆಲ್ಲ ಮೂಲ ಬೆರಳುದ್ದದ ಒಂದು ಪೆನ್ಸಿಲು. ಆಸ್ಪತ್ರೆಯ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದಾಖಲೆ ಬರೆದ ಗುಮಾಸ್ತನಿಗೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದು ಕಣ್ಣು ಮಿಟುಕಿಸಿದಷ್ಟೇ ಸಹಜವಾಗಿತ್ತು. ಸಿಕ್ಕಿಸಿಕೊಂಡದ್ದು ಅವನಿಗೆ ಎಂದೂ ತಿಳಿಯುತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಅವನ ಹೆಂಡತಿಯನ್ನು ಆಂಬುಲೆನ್ಸಿನವರು ಮಹಡಿಯಿಂದ ಇಳಿಸಿಕೊಂಡು ಹೋಗಿದ್ದರು. ಅವಳು ಹಿಂದಿರುಗಲಿಲ್ಲ. ಅವಳು ಸಾಕಿದ ನಾಯಿ ಮಾತ್ರ ಅಂದಿನಿಂದ, ಬಾಗಿಲು ಮುಚ್ಚಿ ಒಂಟಿಯಾದೊಡನೆ ಊಳಿಡತೊಡಗಿತು. ಏರುತ್ತ ಇಳಿಯುತ್ತ ಸಾಗುವ ಆ ದನಿ ಆಂಬುಲೆನ್ಸಿನ ಸೈರನ್ನನ್ನೇ ಹೋಲುತ್ತಿದ್ದುದರಿಂದ ಬೀದಿಯ ಸೈಕಲ್ಲುಗಳು ಕೂಡ ಒಮ್ಮೊಮ್ಮೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು.

ಕೆಳಗಿನ ಮನೆಯಲ್ಲೇ ವಾಸವಾಗಿದ್ದ ಮಾಲೀಕರು ಕೊನೆಗೂ ತೀರ್ಪು ಕೊಟ್ಟರು. “ಸೋಮವಾರದಿಂದ ಒಂದು ಸಲ ಊಳಿಟ್ರೂ ಪುರಸಭೆ ಗಾಡಿ ಕರೆಸ್ತೀನಿ. ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ನನ್ನ ಕಿವಿಗೆ ಅರ್ಥ ಆಗೋದಿಲ್ಲ.”

ಆ ಗಾಡಿ ಹತ್ತಿದ ಮುದಿನಾಯಿ ಹಿಂದಿರುಗಿದ ದಾಖಲೆ ಎಲ್ಲಿಯೂ ಇಲ್ಲವೆಂಬುದು ಗುಮಾಸ್ತನಿಗೆ ಗೊತ್ತಿತ್ತು. ಅವಳು ಬರುತ್ತಾಳೆಂದು ಆ ಮನೆಯಲ್ಲಿ ಇನ್ನೂ ನಂಬಿದ್ದ ಜೀವ ಅದೊಂದೇ. ಅದೂ ಹೋದರೆ ಅವಳು ನಿಜವಾಗಿಯೂ ಸತ್ತಂತೆ.

ಪಶುವೈದ್ಯೆ ಆತಂಕದ ಗುಳಿಗೆಗೆ ಚೀಟಿ ಬರೆದುಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಒಂದೇ ಒಂದು. ಔಷಧಿ ಹಿಡಿಯಲು ಮೂರು ವಾರವಾದರೂ ಬೇಕೆಂದೂ, ಆತುರಪಟ್ಟು ಹೆಚ್ಚು ಕೊಟ್ಟರೆ ಎದೆ ನಿಂತೀತೆಂದೂ ಎಚ್ಚರಿಸಿದರು. ಸೋಮವಾರಕ್ಕೆ ಉಳಿದಿದ್ದುದು ಒಂದೇ ದಿನ.

ಗುಮಾಸ್ತ ಏಳೂವರೆಗೆ ಕೆಲಸಕ್ಕೆ ಹೊರಡುವವನು. ಗುಳಿಗೆ ಕೊಡುವ ಹೊಣೆಗೆ ಅದೇ ಮಹಡಿಯ ಮೂವರು ಮುಂದೆ ಬಂದರು: ನಿವೃತ್ತ ಟೀಚರಮ್ಮ, ಮನೆಯಲ್ಲೇ ಹೊಲಿಯುವ ದರ್ಜಿ, ಎಂದೋ ನಿವೃತ್ತನಾಗಿದ್ದರೂ ತನ್ನನ್ನು ಇನ್ನೂ ಅರೆ ಡಾಕ್ಟರನೆಂದೇ ಬಗೆದಿದ್ದ ಕಂಪೌಂಡರ್. ಯಾರನ್ನೂ ಬೇಡವೆನ್ನುವ ನಾಲಿಗೆ ಗುಮಾಸ್ತನಿಗಿರಲಿಲ್ಲ. ಸೋಮವಾರ ಬೆಳಿಗ್ಗೆ ಅವನು ವಾರ್ಡಿನ ಪದ್ಧತಿಯಂತೆ ಬಾಗಿಲಿಗೆ ಹಾಳೆಯೊಂದನ್ನು ಅಂಟಿಸಿ, ದಿನಕ್ಕೊಂದರಂತೆ ಚೌಕ ಬರೆದು, ಬಿಡುವಿದ್ದವರು ಕೊಟ್ಟು ಗುರುತು ಹಾಕಬೇಕೆಂದು ವಿವರಿಸಿದ.

“ನಮ್ಮಲ್ಲಿ ಒಂದೇ ನಿಯಮ,” ಎಂದ. “ಚೌಕ ಖಾಲಿ ಇದ್ರೆ ಔಷಧಿ ಕೊಟ್ಟಿಲ್ಲ ಅಂತಲೇ ಅರ್ಥ.”

ಮೂವರೂ ಶಾಲಾ ಮಕ್ಕಳಂತೆ ತಲೆಯಾಡಿಸಿದರು. ಗುಮಾಸ್ತ ಚೌಕ ಬರೆದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಬಾಗಿಲಿಗೆ ಬೀಗ ಹಾಕದೆ ಮೆಟ್ಟಿಲಿಳಿದು ಹೋದ.

ಹನ್ನೆರಡು ಗಂಟೆಗೆ ಟೀಚರಮ್ಮ ಫೋನು ಮಾಡಿದರು. ಅವನು ಹೊರಟ ಬೆನ್ನಿಗೇ ಒಳಗೆ ಹೋಗಿ, ಎಂಟಕ್ಕೆ ಸರಿಯಾಗಿ ಬ್ರೆಡ್ಡಿನಲ್ಲಿಟ್ಟು ಗುಳಿಗೆ ಕೊಟ್ಟರಂತೆ. ಹಿಡಿಯುವುದೋ ಇಲ್ಲವೋ ನೋಡಲು ಒಂದು ಗಂಟೆ ಪತ್ರಿಕೆ ಓದುತ್ತ ಕುಳಿತಿದ್ದರಂತೆ. ಗುರುತು ಹಾಕಲು ಮಾತ್ರ ಪೆನ್ಸಿಲು ಕಾಣಲಿಲ್ಲವಂತೆ.

ಗುಮಾಸ್ತನ ಕೈ ತಾನಾಗಿ ಕಿವಿಗೆ ಹೋಯಿತು. ಪೆನ್ಸಿಲು ಅಲ್ಲೇ ಇತ್ತು.

ದರ್ಜಿಗೆ ಫೋನು ಮಾಡಿದ. “ಚೌಕ ಖಾಲಿ ಇತ್ತಣ್ಣ, ಅದಕ್ಕೇ ಕೊಟ್ಟೆ. ಅಲ್ಲೇ ಕೂತು ಎರಡು ಅಂಗಿಗೆ ಕಾಜಾ ಹೊಲಿದೆ. ಗುರುತು ಹಾಕ್ದೆನಲ್ಲ, ನನ್ನ ಸೀಮೆಸುಣ್ಣದಲ್ಲಿ.” ಬಿಳಿಯ ಹಾಳೆಯ ಮೇಲೆ ಬಿಳಿಯ ಸೀಮೆಸುಣ್ಣ.

ಕಂಪೌಂಡರನ ದನಿಯಲ್ಲಿ ಅಳುಕೇ ಇರಲಿಲ್ಲ. “ನಾಯಿ ದಪ್ಪಗಿದೆ, ಒಂದು ಸಾಲದು ಅನ್ನಿಸ್ತು. ಎರಡು ಹಾಕಿ ನಾಡಿ ಹಿಡಿದು ಕೂತಿದ್ದೆ. ಈಗ ಮಲಗಿದೆ ನೋಡಿ. ಅಲ್ಲಾಡಿಸಿದ್ರೂ ಏಳ್ತಿಲ್ಲ.”

ವಾರ್ಡಿನ ಹಿರಿಯ ನರ್ಸು ಎರಡು ಗಂಟೆ ಕಾಲ ಬಿಡುವು ಕೊಟ್ಟರು. ವೈದ್ಯೆಗೆ ಫೋನಿನಲ್ಲೇ ಎಲ್ಲವನ್ನೂ ಒಪ್ಪಿಸುತ್ತ ಗುಮಾಸ್ತ ಓಡಿಬಂದಾಗ ಬಾಗಿಲಲ್ಲಿ ಮೂವರೂ ಸಾವಿನ ಮನೆಗೆ ಬಂದವರಂತೆ ಕೈಕಟ್ಟಿ ನಿಂತಿದ್ದರು. ಒಳಗೆ ನಾಯಿ, ನಾಲ್ಕು ತಿಂಗಳಿಂದ ಅಲ್ಲೇ ಬಿದ್ದಿದ್ದ ಹೆಂಡತಿಯ ಚಪ್ಪಲಿಗಳ ಪಕ್ಕ, ಕಾಲು ಚಾಚಿ ಮಲಗಿತ್ತು. ಗುಮಾಸ್ತ ಪಕ್ಕದಲ್ಲಿ ಕುಳಿತು ಅದರ ತಲೆಯನ್ನು ತೊಡೆಗೆ ಎಳೆದುಕೊಂಡ. “ನೀನೂ ಹೊರಟ್ಯಾ?” ಎಂದ.

ನಾಯಿ ಒಂದು ಕಣ್ಣು ತೆರೆದು ಆಕಳಿಸಿ ಬಾಲ ಬಡಿಯಿತು.

ಅಷ್ಟರಲ್ಲಿ ಬಂದ ವೈದ್ಯೆ ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಬೆರಗಾದರು. ಬಡಿತ ಸರಿಯಾಗಿತ್ತು. ನಾಲ್ಕು ಗುಳಿಗೆ ನುಂಗಿ ಹೀಗಿರುವ ನಾಯಿಯನ್ನು ತಾನು ಕಂಡಿಲ್ಲವೆಂದೂ, ಸಂಜೆ ಮತ್ತೆ ಬರುವೆನೆಂದೂ ಹೇಳಿ, ಉಳಿದ ಗುಳಿಗೆಗಳನ್ನು ಚೀಲಕ್ಕೆ ಹಾಕಿಕೊಂಡು, ಮೂವರ ಕಡೆ ತಿರುಗಿದರು. “ಇನ್ಮೇಲೆ ನೀವ್ಯಾರೂ ಈ ಹೊಸ್ತಿಲು ದಾಟಬಾರದು.”

ದಾಟುವುದಿಲ್ಲವೆಂದು ಮೂವರೂ ಆಣೆ ಮಾಡಿದರು. ದರ್ಜಿಯ ಕಣ್ಣಲ್ಲಿ ನೀರಿತ್ತು. ಕಂಪೌಂಡರ್ ಕೂಡ ತನ್ನ ವೃತ್ತಿಗೆ ಅಂದೇ ಎರಡನೆಯ ಸಲ ನಿವೃತ್ತಿ ಘೋಷಿಸಿದ. ಮೇಲೆ ಬಂದ ಮಾಲೀಕರ ಮುಖದಲ್ಲಿ ನಗುವಿತ್ತು. ಬೆಳಗಿನಿಂದ ಒಂದೂ ಊಳಿಲ್ಲ, ಗುಳಿಗೆಯೆಂದರೆ ಗುಳಿಗೆ. ಹೀಗೇ ನಡೆದರೆ ನಾಯಿ ಇಲ್ಲೇ ಇರಲಿ, ತಪ್ಪಿದರೆ ಗಾಡಿ, ಎಂದು ಹೇಳಿ ಇಳಿದುಹೋದರು.

ಎಲ್ಲರೂ ಹೋದ ಮೇಲೆ ಗುಮಾಸ್ತ ಹೆಂಡತಿಯ ಚಪ್ಪಲಿಗಳನ್ನು ಗೋಡೆಗೆ ಸರಿಸಲು ಬಗ್ಗಿದ. ಎಡಗಾಲಿನ ಚಪ್ಪಲಿಯ ಬೆರಳ ಸಂದಿಯಲ್ಲಿ, ಬ್ರೆಡ್ಡನ್ನು ನೆಕ್ಕಿ ತೆಗೆದು ಉಗುಳಿದ ನಾಲ್ಕು ಗುಳಿಗೆಗಳಿದ್ದವು.

ನಾಯಿ ಒಂದನ್ನೂ ನುಂಗಿರಲಿಲ್ಲ. ಟೀಚರಮ್ಮ ಪತ್ರಿಕೆ ಓದಿದ್ದರು, ದರ್ಜಿ ಕಾಜಾ ಹೊಲಿದಿದ್ದ, ಕಂಪೌಂಡರ್ ನಾಡಿ ಹಿಡಿದಿದ್ದ. ನಾಲ್ಕು ತಿಂಗಳಲ್ಲಿ ಮೊದಲ ಸಲ, ಅವನು ಕೆಲಸಕ್ಕೆ ಹೋದ ಮೇಲೂ ಅದು ಒಂಟಿಯಾಗಿರಲಿಲ್ಲ, ಅದಕ್ಕೇ ಮಲಗಿತ್ತು. ಅವನು ಹೊರಗೆ ಬಂದು ಟೀಚರಮ್ಮನ ಬಾಗಿಲು ತಟ್ಟಿ, ನಾಯಿ ಗುಳಿಗೆ ನುಂಗಿಯೇ ಇಲ್ಲವೆಂದು ಹೇಳಿ, ಸುಮ್ಮನೆ ಒಂದು ಗಳಿಗೆ ಬಂದು ಕುಳಿತುಕೊಳ್ಳಿರೆಂದು ಬೇಡಿದ.

“ಬೇಡಪ್ಪ,” ಎಂದರು ಅವರು ಒಳಗಿನಿಂದಲೇ. “ನುಂಗ್ಲಿ ಬಿಡ್ಲಿ, ಆ ಪಾಪ ನನಗೆ ಮತ್ತೆ ಬೇಡ. ಆಣೆ ಮಾಡಿದೀನಿ.” ಉಳಿದೆರಡು ಬಾಗಿಲುಗಳೂ ಅದನ್ನೇ ಹೇಳಿದವು.

ಬಿಡುವು ಮುಗಿಯುತ್ತ ಬಂದಿತ್ತು. ಅವನು ನಾಯಿಯ ತಲೆ ಸವರಿ, ಬಾಗಿಲಿಗೆ ಬೀಗ ಹಾಕಿ, ಕಳ್ಳನಂತೆ ಮೆಟ್ಟಿಲಿಳಿದ. ಬುಡದಲ್ಲಿ ಮಾಲೀಕರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವರ ತೊಡೆಯ ಮೇಲೆ, ಬಾಗಿಲಿನಿಂದ ಕಿತ್ತು ತಂದ ಆ ಚೌಕಗಳ ಹಾಳೆ.

“ನಿಮ್ಮ ವಾರ್ಡಿನ ಪದ್ಧತಿ ನನಗೆ ಹಿಡಿಸ್ತು,” ಎಂದರು. “ಊಳಿಟ್ರೆ ಗುರುತು, ಇಲ್ದಿದ್ರೆ ಖಾಲಿ. ಬಾಯಿಮಾತಿನ ಜಗಳವೇ ಇಲ್ಲ. ಆ ಪೆನ್ಸಿಲ್ ಕೊಟ್ಟಿರಿ.”

ಗುಮಾಸ್ತ ಕಿವಿಯಿಂದ ಪೆನ್ಸಿಲು ತೆಗೆದು ಕೊಟ್ಟ. ಅವನು ಗೇಟು ತಲುಪುವ ಮೊದಲೇ ಮಹಡಿಯ ಮೇಲಿನಿಂದ ಆ ದನಿ ಏರತೊಡಗಿತು. ಬೀದಿಯಲ್ಲಿ ಸೈಕಲ್ಲೊಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.