ಬಾಡಿಗೆ ಮನೆ ಕೇಳಲು ಹೋಗಿ ನೆಂಟನಾಗಿ ಬಂದದ್ದು

ನೆಂಟಸ್ತಿಕೆ ಹಚ್ಚುವುದರಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಈ ವಿದ್ಯೆ ನನಗೆ ಬಂದದ್ದು ಅಪ್ಪನಿಂದ. ಅವರು ದಾವಣಗೆರೆಯಲ್ಲಿ ಬಸ್ಸು ಹತ್ತಿದರೆ, ಹರಿಹರ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತ ಅಪರಿಚಿತನನ್ನು ‘ಯಾವೂರು, ಯಾರ ಪೈಕಿ’ ಎಂದು ಕೇಳಿ, ನಡುವೆ ಒಂದೆರಡು ಮದುವೆ ದಾಟಿಸಿ, ಬೀಗನನ್ನಾಗಿಯೋ ಷಡ್ಡಕನನ್ನಾಗಿಯೋ ಮಾಡಿಕೊಂಡೇ ಇಳಿಯುತ್ತಿದ್ದರು. ಇಳಿಯುವಾಗ ಅಪ್ಪನ ಚೀಲ ಆ ಮನುಷ್ಯನ ಕೈಯಲ್ಲಿರುತ್ತಿತ್ತು. ಬೇರೆಯವರಿಗೆ ಅವರಪ್ಪಂದಿರು ಹೊಲ ಬಿಟ್ಟು ಹೋಗುತ್ತಾರೆ. ನಮ್ಮಪ್ಪ ನನಗೆ ಇದನ್ನು ಬಿಟ್ಟು ಹೋದರು.

ಈ ಆಸ್ತಿಯನ್ನು ಖರ್ಚು ಮಾಡುವ ಕಾಲ ಹೋದ ವರ್ಷ ಬಂತು. ನರ್ಸರಿ ಶಾಲೆಯಲ್ಲಿ ಟೀಚರಾಗಿದ್ದ ನನ್ನ ಹೆಂಡತಿ ಸುಧಾ, ಮಗಳು ಪುಟ್ಟಿ ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಅದೇ ಹೊತ್ತಿಗೆ ನಾನು ಕೆಲಸಕ್ಕಿರುವ ಟೈಲ್ಸ್ ಅಂಗಡಿಯ ಸಾಹುಕಾರರು "ಧಂದೆ ಡಲ್ ಐತಪ್ಪ" ಎಂದು ನನ್ನ ಕಮಿಷನ್ ನಿಲ್ಲಿಸಿದರು. ಮನೆಗೆ ಬರುವ ದುಡ್ಡು ಅರ್ಧವಾಯಿತು, ಉಣ್ಣುವ ಬಾಯಿ ಒಂದು ಹೆಚ್ಚಾಯಿತು. ದಾವಣಗೆರೆಯ ನಮ್ಮ ಬಾಡಿಗೆ ಮನೆ ಇನ್ನು ನಮಗೆ ದುಬಾರಿ ಎಂಬುದು ಪುಟ್ಟಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಅರ್ಥವಾಗಿತ್ತು.

ಹರಿಹರದಲ್ಲಿ ಬಾಡಿಗೆ ಕಡಿಮೆ, ಅಲ್ಲಿಂದ ದಿನಾ ಬಸ್ಸಿಗೆ ಬಂದರಾಯಿತು ಎಂದು ತೀರ್ಮಾನವಾಯಿತು. ಆಗ ನಾನು ಮಾಡಿದ ಮೊದಲ ಕೆಲಸವೆಂದರೆ, ಇದ್ದ ಮನೆಯ ಮಾಲೀಕರ ಬಳಿ ಹೋಗಿ "ತಿಂಗಳ ಕೊನೆಗೆ ಖಾಲಿ ಮಾಡ್ತೀವಿ, ಬೇರೇರಿಗೆ ಕೊಡ್ರಿ" ಎಂದು ಗಂಭೀರವಾಗಿ ಘೋಷಿಸಿದ್ದು. ಹೊಸ ಮನೆ ಹುಡುಕುವುದು ನನ್ನ ಎರಡನೇ ಕೆಲಸವಾಗಿತ್ತು!

ಮಾಲೀಕರು ಎರಡೇ ದಿನದಲ್ಲಿ ಬೇರೆಯವರನ್ನು ಗೊತ್ತು ಮಾಡಿದರು. ಆ ದಂಪತಿ ಟೇಪು ಹಿಡಿದು ಬಂದು, ನಾವು ಊಟ ಮಾಡುತ್ತಿರುವಾಗಲೇ ನಮ್ಮ ಕಿಟಕಿಗಳಿಗೆ ಅವರ ಪರದೆಯ ಅಳತೆ ತೆಗೆದುಕೊಂಡರು. "ನೀವು ಉಣ್ರಿ, ಉಣ್ರಿ" ಎಂದು ಉಪಚಾರವನ್ನೂ ಮಾಡಿದರು.

ಅಷ್ಟರಲ್ಲಿ ಹರಿಹರದಲ್ಲಿ ನೀಲಮ್ಮ ಎಂಬುವವರ ಮಹಡಿ ಮನೆ ಖಾಲಿ ಇದೆಯೆಂದು ಸುಧಾಳ ಗೆಳತಿಯಿಂದ ಸುದ್ದಿ ಬಂತು.

"ನಾನೂ ಬರ್ತೀನಿ. ನಮಗೆ ಇಷ್ಟೇ ಕೊಡಾಕ ಆಗೋದು ಅಂತ ನೇರವಾಗಿ ಕೇಳೋಣ" ಎಂದಳು ಸುಧಾ.

"ಚೌಕಾಸಿ ಮಾಡೋದು ಮರ್ಯಾದಸ್ಥರ ಲಕ್ಷಣ ಅಲ್ಲ" ಎಂದೆ. "ಸಂಬಂಧ ಹಚ್ಚಿದ್ರೆ ಬಾಡಿಗೆ ತಾನಾಗೇ ಇಳೀತೈತೆ. ನೀನು ಮನ್ಯಾಗಿರು."

ನೀಲಮ್ಮನವರು ಅರವತ್ತರ ಆಸುಪಾಸಿನ, ಒಬ್ಬರೇ ಇರುವ ಹೆಂಗಸು. ಬಾಗಿಲ ಮುಂದೆ ಅವರೆಕಾಯಿ ಸುಲಿಯುತ್ತ ಕೂತಿದ್ದವರು "ಬರ್ರಿ, ಕೂಡ್ರಿ" ಎಂದು ಚಾಪೆ ಸರಿಸಿದರು. ಮಹಡಿ ಹತ್ತಿಸಿ ಮನೆ ತೋರಿಸಿದರು. ಎರಡು ಕೋಣೆ, ಗಾಳಿ ಬರುವ ಅಡುಗೆಮನೆ, ಪುಟ್ಟಿಯ ಬಟ್ಟೆ ಒಣಹಾಕಲು ಬಿಸಿಲಿರುವ ಜಾಗ. ನೋಡುತ್ತಿದ್ದಂತೆ ಇದು ನಮ್ಮದೇ ಮನೆ ಅನ್ನಿಸಿಬಿಟ್ಟಿತು.

"ಬಾಡಿಗೆ ಏಳು ಸಾವಿರ ನೋಡ್ರಿ" ಎಂದರು.

ನಮ್ಮ ಕೈಗೆ ಎಟುಕುತ್ತಿದ್ದುದು ಆರು. ನಾನು ಅದನ್ನು ಬಾಯಿ ಬಿಡಲಿಲ್ಲ.

"ಅದಿರ್ಲಿ ಬಿಡ್ರಿ. ನಿಮ್ಮ ತವರುಮನೆ ಯಾವೂರು?"

"ಹದಡಿ."

ಹದಡಿಯನ್ನು ನಾನು ಬಸ್ಸಿನ ಕಿಟಕಿಯಿಂದಷ್ಟೇ ಕಂಡವನು. ಆದರೆ ನಮ್ಮ ಕಡೆ ಬಸಣ್ಣ ಇಲ್ಲದ ಊರಿಲ್ಲ ಎಂಬುದು ಈ ಶಾಸ್ತ್ರದ ಮೂಲ ಸೂತ್ರ.

"ಹದಡಿನಾ? ಹಂಗಾದ್ರೆ ಬಸಣ್ಣಾರು ನಿಮಗೆ ಗೊತ್ತಿರಬೇಕಲ್ಲ."

"ಯಾವ ಬಸಣ್ಣ? ಗಿರಣಿ ಬಸಣ್ಣನೋ, ಮೇಷ್ಟ್ರು ಬಸಣ್ಣನೋ?"

ಮೇಷ್ಟ್ರು ಎಂದರೆ ನನಗೆ ಈಗಲೂ ಭಯ. ಗಿರಣಿಯನ್ನೇ ಆರಿಸಿದೆ. "ಗಿರಣಿ ಬಸಣ್ಣಾರು. ನಮ್ಮಮ್ಮಗೆ ದೂರದಿಂದ ಅಣ್ಣ ಆಗ್ಬೇಕು."

ನೀಲಮ್ಮನವರು ನನ್ನನ್ನು ಕಣ್ಣರಳಿಸಿ ನೋಡಿದರು. "ಬಸಣ್ಣ ನಮ್ಮ ದೊಡ್ಡಪ್ಪನ ಮಗ ಕಣಪ್ಪ. ಹಂಗಾದ್ರೆ ನಿಮ್ಮಮ್ಮ ನಂಗೆ ಅಕ್ಕನೋ ತಂಗಿನೋ ಆಗ್ಬೇಕು. ನೀನು ನಂಗೆ ಮಗ ಆದಂಗಾತಲ್ಲ."

ಬಾಣ ಇಷ್ಟು ನೆಟ್ಟಗೆ ಬೀಳುತ್ತದೆಂದು ಹೊಡೆದ ನನಗೂ ಗೊತ್ತಿರಲಿಲ್ಲ. ಮಂಡಕ್ಕಿ ಬಂತು, ಬಿಸಿ ಮೆಣಸಿನಕಾಯಿ ಬಜ್ಜಿ ಬಂತು, ಎರಡು ಸಲ ಚಹಾ ಬಂತು. ‘ನೀವು’ ಹೋಗಿ ‘ನೀನು’ ಬಂತು. ನಾನು ಸಾವಕಾಶವಾಗಿ ಬಾಯಿ ಒರೆಸಿಕೊಂಡು, "ಮತ್ತೆ ಬಾಡಿಗೆ ವಿಚಾರ, ಚಿಕ್ಕಮ್ಮ" ಎಂದೆ.

"ಬಾಡಿಗೆನಾ? ಮಗನ ಹತ್ರ ಬಾಡಿಗೆ ಇಸ್ಕಂತಾರೇನೋ? ಆಮೇಲೆ ಹದಡಿಗೆ ಹೋಗಿ ಹೆಂಗೆ ಮುಖ ತೋರಿಸ್ಲಿ ನಾನು?"

ಪುಕ್ಕಟೆ ಮನೆ! ಅಪ್ಪ ಕೂಡ ಈ ಎತ್ತರ ಮುಟ್ಟಿರಲಿಲ್ಲ. ಅವರ ಫೋಟೋಗೆ ಒಂದು ಹೊಸ ಹಾರ ತರಬೇಕೆಂದುಕೊಂಡೆ.

"ಅದಕ್ಕೇ ನಿಂಗೆ ಮನೆ ಕೊಡಾಕ ಆಗಲ್ಲಪ್ಪ" ಎಂದು ಅವರು ಮಾತು ಮುಗಿಸಿದರು.

ಕಾರಣವನ್ನೂ ಹೇಳಿದರು. ಅವರ ಗಂಡನ ಅಕ್ಕನ ಮಗನೊಬ್ಬ ಇದೇ ಮಹಡಿಯಲ್ಲಿ ವರ್ಷಗಟ್ಟಲೆ ಬಾಡಿಗೆ ಕೊಡದೆ ಕೂತಿದ್ದನಂತೆ. ನೆಂಟನಾದ್ದರಿಂದ ಇವರು ಕೇಳುವಂತಿರಲಿಲ್ಲ. ಹೋಗುವಾಗ ಫ್ಯಾನು ಬಿಚ್ಚಿಕೊಂಡು ಹೋದನಂತೆ. ಅವತ್ತೇ ಅವರು ದೇವರ ಮುಂದೆ ನಿಂತು, ಇನ್ನು ನೆಂಟರಿಗೆ ಮನೆ ಕೊಡುವುದಿಲ್ಲವೆಂದು ಆಣೆ ಮಾಡಿಕೊಂಡಿದ್ದರು. "ನೀನು ಊಟಕ್ಕೆ ಬಾ, ಹಬ್ಬಕ್ಕೆ ಬಾ. ಬಾಡಿಗೆಗೆ ಮಾತ್ರ ಬರಬ್ಯಾಡ" ಎಂದು ಬೆನ್ನು ಸವರಿ ಕಳಿಸಿದರು.

ಮನೆಗೆ ಬಂದು ಹೇಳಿದೆ. ಸುಧಾ ಪುಟ್ಟಿಗೆ ರಾಗಿ ಗಂಜಿ ಕುಡಿಸುತ್ತಿದ್ದಳು. ಚಮಚ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಮನೆ ಕೇಳಾಕ ಹೋದೋರು ಮಗ ಆಗಿ ಬಂದ್ರಾ?"

"ಸ್ವಲ್ಪ ಜಾಸ್ತಿ ಹತ್ತಿರ ಹೋದೆ, ಅಷ್ಟೇ. ದೂರ ಸರಿದ್ರೆ ಎಲ್ಲಾ ಸರಿ ಹೋಗ್ತೈತೆ."

"ನಿಜ ಹೇಳಿ ಬರ್ರಿ. ಅದಕ್ಕಿಂತ ದೂರ ಸರಿಯೋ ದಾರಿ ಬ್ಯಾರೆ ಇಲ್ಲ."

ಹಚ್ಚಿದ ಸಂಬಂಧವನ್ನು ಕಳಚುವುದಕ್ಕೂ ಒಂದು ಕಲೆ ಇರಬೇಕಲ್ಲವೇ ಎಂದು ನಾನು ಯೋಚಿಸಿದೆ. ಮರುದಿನವೇ ಹರಿಹರಕ್ಕೆ ಹೋಗಿ, ಮುಖ ಸಣ್ಣ ಮಾಡಿಕೊಂಡು ನೀಲಮ್ಮನವರಿಗೆ ಹೇಳಿದೆ: "ನಿಮ್ಮ ಹತ್ರ ಮುಚ್ಚಿಡಬಾರ್ದು. ನಮಗೂ ಗಿರಣಿ ಬಸಣ್ಣಾರಿಗೂ ಮಾತಿಲ್ಲ. ಹಳೇ ಜಗಳ. ಸಂಬಂಧ ಕಡಿದು ಎಷ್ಟೋ ಕಾಲ ಆತು. ಹಂಗಾಗಿ ಲೆಕ್ಕಕ್ಕೆ ನಾವು ನೆಂಟರಲ್ಲ."

ಅವರ ಕಣ್ಣಲ್ಲಿ ನೀರು ಬಂತು. ಕೆಲಸ ಕೈಗೂಡಿತು ಎಂದುಕೊಂಡೆ.

"ಮಾತಿಲ್ವಾ? ಅಯ್ಯೋ ಶಿವನೇ. ಒಡೆದ ಮನೆ ಕೂಡಿಸೋ ಪುಣ್ಯ ನಂಗೆ ಬರ್ಲಿ" ಎಂದವರೇ ಫೋನ್ ತೆಗೆದು ಹದಡಿಗೆ ಹಚ್ಚಿಬಿಟ್ಟರು. "ಬಸಣ್ಣ, ಭಾನುವಾರ ಊಟಕ್ಕೆ ಬಾ. ಹೋಳಿಗೆ ಮಾಡ್ತೀನಿ. ನಿನ್ನ ದೂರದ ತಂಗಿ ಮಗ ಒಬ್ಬ ಬರ್ತಾನೆ, ನೀನು ಸಿಟ್ಟು ಬಿಡ್ಬೇಕು."

ನನ್ನ ಕಡೆ ತಿರುಗಿ, "ನಿನ್ನ ಹೆಂಡ್ತಿ, ಕೂಸು ಎಲ್ಲಾ ಬರ್ಬೇಕು" ಎಂದರು.

ಭಾನುವಾರದ ತನಕ ನನಗೆ ಹೊಟ್ಟೆನೋವು, ತಲೆನೋವು, ಬೆನ್ನುನೋವು ಮೂರೂ ಬಂದವು. ಸುಧಾ ಮೂರಕ್ಕೂ ಸೊಪ್ಪು ಹಾಕಲಿಲ್ಲ. ಪರದೆಯವರು ಮತ್ತೊಮ್ಮೆ ಬಂದು ಈ ಸಲ ಮಂಚದ ಅಳತೆ ತೆಗೆದುಕೊಂಡು ಹೋದರು. ನಮಗೆ ಮಾತ್ರ ಮಂಚ ಹಾಕಲು ಎಲ್ಲೂ ಜಾಗ ಗೊತ್ತಾಗಿರಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ಯಾರ ಮನೆ ಬಾಗಿಲಿಗೆ ಹೋಗುವುದು ಎಂಬ ಹೆದರಿಕೆ ನನಗೆ ಆಗ ನಿಜವಾಗಿಯೂ ಹುಟ್ಟಿತು.

ಭಾನುವಾರ ನೀಲಮ್ಮನವರ ನಡುಮನೆಯಲ್ಲಿ ಎಲೆ ಹಾಕಿದ್ದರು. ಬಿಳಿ ಪಂಚೆ ಉಟ್ಟು, ಹೆಗಲಿಗೆ ವಲ್ಲಿಬಟ್ಟೆ ಹಾಕಿದ್ದ ಎತ್ತರದ ಮುದುಕರೊಬ್ಬರು ಒಳಗೆ ಬಂದರು. ಗಿರಣಿ ಬಸಣ್ಣ! ಬಾಗಿಲಲ್ಲೇ ನಿಂತು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ‘ಯಾರೋ ಇವನು’ ಎಂಬ ಒಂದು ಮಾತು ಬಂದರೆ ನನ್ನ ಕಥೆ ಮುಗಿಯಿತು. ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೋಡಿಕೊಂಡೆ.

"ಎಷ್ಟು ದೊಡ್ಡೋನಾಗಿದೀಯಲ್ಲೋ" ಎಂದರು ಬಸಣ್ಣ.

ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ತಪ್ಪು ನಂದೇ ಕಣಪ್ಪ. ನಿಮ್ಮಮ್ಮ ಅಷ್ಟು ದೂರದಿಂದ ಬಂದು ಕರೆದ್ಳು. ನಾನು ಬರಲಿಲ್ಲ. ಮನಸ್ಸಿನಾಗ ಇಟ್ಕಬ್ಯಾಡ" ಎಂದು ಗಳಗಳನೆ ಅತ್ತರು.

ನಮ್ಮಮ್ಮ ಹುಟ್ಟಿದಾರಭ್ಯ ಹದಡಿಯನ್ನು ನೋಡಿದವರಲ್ಲ. ಆದರೂ ಆ ಕ್ಷಣಕ್ಕೆ ನನಗೇ ಸಿಟ್ಟು ಬಂತು. ಅಮ್ಮ ಅಷ್ಟು ದೂರ ಹೋಗಿ ಕರೆದರೂ ಈ ಮನುಷ್ಯ ಬರಲಿಲ್ಲವಲ್ಲ!

ನೀಲಮ್ಮನವರು ಸೆರಗಿನಲ್ಲಿ ಕಣ್ಣೊರೆಸುತ್ತ ನಮ್ಮಿಬ್ಬರ ಕೈಯಲ್ಲೂ ಹೋಳಿಗೆ ಕೊಟ್ಟು, ಒಬ್ಬರಿಗೊಬ್ಬರು ತಿನ್ನಿಸಿರೆಂದರು. ತಿನ್ನಿಸಿದೆವು. "ಇನ್ನು ಈ ಸಂಬಂಧ ಯಾರು ಬಂದ್ರೂ ಬಿಡಿಸಾಕ ಆಗಲ್ಲ" ಎಂದು ಅವರು ಸಮಾಧಾನದ ಉಸಿರು ಬಿಟ್ಟರು. ಹಾಗೆಯೇ ಸಾರು ಬಡಿಸುತ್ತ, "ಮ್ಯಾಲಿನ ಮನೆ ಕೇಳ್ಕೊಂಡು ಬ್ಯಾಂಕಿನೋರೊಬ್ರು ಬಂದಿದ್ರು. ನಾಳೆ ಅಡ್ವಾನ್ಸ್ ಕೊಡ್ತಾರಂತೆ" ಎಂದರು.

ಸುಧಾ ತನ್ನ ಎಲೆಯ ಮುಂದಿನಿಂದ ಎದ್ದಳು. ಪುಟ್ಟಿಯನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು.

"ಅಮ್ಮಾರೇ, ನಮ್ಮ ಮನೆಯೋರು ನಿಮಗೆ ಏನೂ ಆಗ್ಬೇಕಿಲ್ಲ. ನಮ್ಮತ್ತೆ ತವರು ಮಲೆಬೆನ್ನೂರು. ಇವರು ಹೇಳಿದ್ದೆಲ್ಲ ಬಾಡಿಗೆ ಕಮ್ಮಿ ಆಗ್ಲಿ ಅಂತ ಹೇಳಿದ ಸುಳ್ಳು. ನಂಗೆ ಈಗ ಕೆಲಸ ಇಲ್ಲ. ಇವರಿಗೆ ಬರೋದೂ ಕಮ್ಮಿ ಆಗೈತೆ. ತಿಂಗಳು ಮುಗಿಯೋದ್ರೊಳಗೆ ನಮಗೆ ಮನೆ ಬೇಕು. ಆರು ಸಾವಿರ ಕೊಡ್ಬೋದು, ಅದರ ಮ್ಯಾಲೆ ಆಗಲ್ಲ."

ಪುಟ್ಟಿ ನನ್ನ ಎಲೆಯ ಹಪ್ಪಳ ಮುರಿದಳು.

ಮೊದಲು ಬಾಯಿ ಬಿಟ್ಟವರು ಬಸಣ್ಣ. "ಹಂಗಾದ್ರೆ ನಾನ್ಯಾಕ ಅತ್ತಿದ್ದು?"

ಅವರೇ ನಿಧಾನವಾಗಿ ಹೇಳಿದರು: "ಮನ್ಯಾಗ ಎಲ್ಲಾರೂ ನಂಗೆ ಮರೆವು ಅಂತಾರೆ. ಇವನನ್ನ ನೋಡಿದ್ರೆ ಗುರ್ತು ಸಿಗಲಿಲ್ಲ. ಇದನ್ನೂ ಮರೆತೆ ಅನ್ಕಂಡೆ. ಯಾರು ಅಂತ ಕೇಳಿದ್ರೆ ನೀಲಮ್ಮನೂ ಹಂಗೇ ಅಂತಾಳೆ ಅಂತ ಹೆದ್ರಿಕೆ ಆತು. ಬಾಯಿಗೆ ಬಂದದ್ದು ಹೇಳಿ, ಸುಮ್ನೆ ತಪ್ಪಾತು ಅಂದುಬಿಟ್ಟೆ." ಅಷ್ಟು ಹೇಳಿದವರ ಮುಖ ಅರಳಿತು. "ಅಂದ್ರೆ ನನ್ನ ತಲೆ ಸರಿಯಾಗೇ ಐತಲ್ಲ. ಇನ್ನೊಂದು ಹೋಳಿಗೆ ಹಾಕವ್ವ."

ನನಗೆ ನಗು ಬರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು. ಬಾಡಿಗೆ ಇಳಿಸಲು ಹೋಗಿ ಒಬ್ಬ ಹಿರಿಯರನ್ನು ಅಳಿಸಿದ್ದೆ. ಅವರ ಕಾಲು ಮುಟ್ಟಿ ತಪ್ಪಾಯಿತೆಂದೆ. ಅವರು ಹೋಳಿಗೆಯಲ್ಲಿ ಮಗ್ನರಾಗಿದ್ದುದರಿಂದ ಎಡಗೈಯಲ್ಲಿ ಆಶೀರ್ವಾದ ಮಾಡಿದರು.

ನೀಲಮ್ಮನವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸುಧಾಳನ್ನೇ ವಿಚಾರಣೆಗೆ ತೆಗೆದುಕೊಂಡರು.

"ನಿಜವಾಗ್ಲೂ ಏನೂ ಆಗ್ಬೇಕಿಲ್ಲ?"

"ಇಲ್ರಿ."

"ನಿನ್ನ ತವರಿನ ಕಡೆಯಿಂದ?"

"ಅವರೆಲ್ಲ ಚಿತ್ರದುರ್ಗದ ಕಡೆಯೋರು. ಅಲ್ಲಿಂದಲೂ ಏನೂ ಇಲ್ರಿ."

"ಸದ್ಯ" ಎಂದು ನೀಲಮ್ಮನವರು ಗೋಡೆಗೊರಗಿ ಕೂತರು. "ಹಂಗಾದ್ರೆ ಬಾಯಿಬಿಟ್ಟು ಮಾತಾಡ್ಬೋದು. ಆರೂವರೆ ಮಾಡ್ಕೊ."

"ಆರೇ ರಿ. ಸುಳ್ಳು ಹೇಳಿ ಒಪ್ಕಂಡು ಆಮೇಲೆ ಕೊಡದೇ ಇರೋದು ಬ್ಯಾಡ."

"ತಿಂಗಳಾ ಐದನೇ ತಾರೀಕಿಗೆ ಬರ್ಬೇಕು."

"ಬರ್ತೈತೆ."

"ಫ್ಯಾನು ಹಾಕ್ಸಿದೀನಿ. ಹೋಗುವಾಗ ಅದು ಅಲ್ಲೇ ಇರ್ಬೇಕು."

"ಇರ್ತೈತೆ."

"ಆತು. ಬ್ಯಾಂಕಿನೋರಿಗೆ ಇಲ್ಲ ಅಂತೀನಿ."

ಅಷ್ಟೇ! ಸಾರು ಆರುವುದರೊಳಗೆ ಮನೆ ಸಿಕ್ಕಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಅಡ್ವಾನ್ಸ್ ವಿಷಯಕ್ಕೆ ಬಂದ್ರೆ, ಚಿಕ್ಕಮ್ಮ" ಎಂದು ಬಾಯಿ ತೆರೆದೆ.

"ನೀವು ಸುಮ್ನೆ ಉಣ್ರಿ" ಎಂದರು ನೀಲಮ್ಮನವರು.

ತಿಂಗಳ ಕೊನೆಯ ದಿನ ಮಿನಿ ಲಾರಿಯಲ್ಲಿ ಸಾಮಾನು ತಂದು ಇಳಿಸಿದೆವು. ಸುಧಾ ಮೇಲೆ ಹಾಲು ಉಕ್ಕಿಸಲು ಒಲೆ ಹಚ್ಚಿದ್ದಳು. ನಾನು ಅಕ್ಕಿ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗೆ ಎದುರು ಮನೆಯ ಹೆಂಗಸು ನೀಲಮ್ಮನವರನ್ನು, "ಬಾಡಿಗೆಗೆ ಬಂದಿರೋದು ಯಾರ್ರಿ?" ಎಂದು ಕೇಳಿದ್ದು ಕಿವಿಗೆ ಬಿತ್ತು. ನನ್ನ ಬಗ್ಗೆ ಏನು ಹೇಳುತ್ತಾರೋ ಎಂದು ಚೀಲ ಹೊತ್ತೇ ನಿಂತೆ.

"ಸುಧಾ ಅಂತ. ಭಾಳ ಒಳ್ಳೆ ಹುಡುಗಿ. ಒಂದು ಹೆಣ್ಣು ಕೂಸು ಐತೆ" ಎಂದರು ನೀಲಮ್ಮನವರು. ಆಮೇಲೆ ಏನೋ ನೆನಪಾದವರಂತೆ, "ಹ್ಞಾ, ಗಂಡನೂ ಅದಾನೆ" ಎಂದರು.