ಹಳದಿ ಬಟ್ಟೆ, ಬೇವಿನೆಣ್ಣೆ

ಹಳದಿ ಬಟ್ಟೆ ಬಿದ್ದ ದಿನ ನನಗೆ ಏನಾದರೊಂದು ಆಗದೆ ಇರುವುದಿಲ್ಲ. ಕಡಲಾಚೆಯ ಕ್ಲಾಂಗ್ ಬಂದರಿನ ಹತ್ತಿರ ಒಂದು ಕಾಲೇಜು ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸ ನನ್ನದು. ಭಾನುವಾರ ಅಲ್ಲಿ ಅಮೆರಿಕದ ಫುಟ್‌ಬಾಲ್. ಹೆಸರು ಫುಟ್‌ಬಾಲ್, ಆಡುವುದೆಲ್ಲ ಕೈಯಲ್ಲಿ. ಬೋರ್ಡಿಗೆ ಅಂಕಿ ನೇತುಹಾಕುವವನೂ ನಾನೇ. ಪಕ್ಕದ ಸ್ಟೂಲಿನಲ್ಲಿ ಹೆಂಡತಿ ಕೂರುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಸ್ಟೂಲು ಅಲ್ಲೇ ಇದೆ.

೧. ಹಾಕು, ತೆಗಿ

ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ ಆರು ಪಾಯಿಂಟು. ಯಾರಾದರೂ ತಪ್ಪು ಮಾಡಿದರೆ ರೆಫ್ರಿ ಹಳದಿ ಬಟ್ಟೆ ಎಸೆಯುತ್ತಾರೆ. ಆಮೇಲೆ ಅವರ ಕೈಸನ್ನೆ ನೂರು ಥರ. ನನ್ನ ತಲೆಗೆ ಒಂದೂ ಹತ್ತಲಿಲ್ಲ.

ಅವಳು ಹೋದ ಮೇಲಿನ ಮೊದಲ ಪಂದ್ಯ. ಒಬ್ಬ ದಾಟಿದ. ಬಟ್ಟೆ ಬಿತ್ತು. ಆರು ಹಾಕಿದೆ.

"ತೆಗೀರಿ ಅಂಕಲ್," ಅಂದರು ರೆಫ್ರಿ. ಮೈಸೂರಿನವರು, ವಾರವೆಲ್ಲ ಕಂಪ್ಯೂಟರ್ ಕೆಲಸ. "ಓಡಿದವನ ಕಡೆಯವನೇ ಎದುರಿನವನನ್ನ ಹಿಡ್ಕೊಂಡಿದ್ದ. ಪಾಯಿಂಟು ಇಲ್ಲ."

ತೆಗೆದೆ. ಇನ್ನೊಬ್ಬ ದಾಟಿದ. ಮತ್ತೆ ಬಟ್ಟೆ. ಈ ಸಲ ಸುಮ್ಮನಿದ್ದೆ.

"ಹಾಕಿ ಅಂಕಲ್! ತಪ್ಪು ಎದುರಿನವರದ್ದು. ಪಾಯಿಂಟು ಉಳೀತು. ಅವರಿಗೆ ಶಿಕ್ಷೆ ಆಮೇಲೆ, ಮುಂದೆ ಚೆಂಡು ಒದ್ದು ಆಟ ಶುರು ಮಾಡೋವಾಗ."

"ಈಗಿನ ತಪ್ಪಿಗೆ ಆಮೇಲೆ ಶಿಕ್ಷೆಯಾ ಸಾರ್?"

"ಹೌದು."

"ನಮ್ಮ ಮನೇಲೂ ಹಂಗೇ ಇತ್ತು. ಬೈಗುಳ ನೆಂಟರು ಬಾಗಿಲು ದಾಟಿದ ಮೇಲೇ."

೨. ಕುಣಿದವನು

ಒಬ್ಬ ದಾಟಿದ. ಬಟ್ಟೆ ಇಲ್ಲ. ನೆಮ್ಮದಿಯಿಂದ ಆರು ಹಾಕಿದೆ. ಅವನು ಸುಮ್ಮನಿರದೆ ಎದುರಿನವರ ಮುಂದೆ ಅಣಕಿಸಿ ಕುಣಿದ. ಬಟ್ಟೆ ಬಿತ್ತು. ತೆಗೆದೆ.

ಅವನ ಕಡೆಯ ಕೋಚ್ ಓಡಿ ಬಂದ. "ಕುಣಿದದ್ದು ದಾಟಿದ ಮೇಲೆ! ಹಾಕು ಲಾ!" ಇಲ್ಲಿಯವರ ಮಾತಿನ ಬಾಲಕ್ಕೆ ಒಂದು 'ಲಾ' ಇರಲೇಬೇಕು.

ಎದುರಿನವರ ಕೋಚ್ ಬಂದ. "ಬೇಡ ಲಾ!"

ಇಬ್ಬರಿಗೂ ಬೇಜಾರಾಗಬಾರದು. ಮೂರು ಹಾಕಿದೆ.

ಸೋಮವಾರ ಕಾಲೇಜಿನ ಆಫೀಸಿಗೆ ಕರೆದರು. ಇನ್ನೊಂದು ತಪ್ಪಾದರೆ ಲೈಟಿನ ಬೋರ್ಡು ಬರುತ್ತದೆ, ನೀನು ಹುಲ್ಲು ನೋಡಿಕೋ ಅಂದರು. ಹುಲ್ಲು ವಾರವೆಲ್ಲ ಇದ್ದದ್ದೇ. ಭಾನುವಾರ ಆ ಸ್ಟೂಲಿನ ಪಕ್ಕ ಬಿಟ್ಟು ಎಲ್ಲಿ ನಿಲ್ಲಲಿ?

೩. ಕಿವಿ

ಅವಳಿದ್ದಾಗ ಒಂದು ತಪ್ಪೂ ಆಗಿರಲಿಲ್ಲ. ಬಟ್ಟೆ ಬಿದ್ದರೆ ಒಂದು ಗಳಿಗೆ ನೋಡುತ್ತಿದ್ದಳು. "ಹಾಕಿ" ಅನ್ನುವಳು. ಇಲ್ಲವೇ "ಬೇಡ". ಮಮಕ್ ಅಂಗಡಿಯಲ್ಲಿ ಟೀ ಕುಡಿಯುವವರಿಗೆಲ್ಲ ಹೇಳಿದ್ದೆ, ನನ್ನ ಹೆಂಡತಿಗೆ ಅಮೆರಿಕದ ಆಟ ಪೂರ್ತಿ ಬರ್ತದೆ ಅಂತ.

ಈ ನಡುವೆ ರೆಫ್ರಿಯನ್ನು ನೋಡಿ ಪಾಪ ಅನ್ನಿಸಿತ್ತು. ಬಟ್ಟೆ ಬಿದ್ದಾಗಲೆಲ್ಲ ಕಿವಿ ಕೆರೆದುಕೊಳ್ಳುವರು. ಕೆಲವು ಸಲ ಮೂಗು. ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿಗೆ ಹೋಗಿ ಬೇವಿನೆಣ್ಣೆ ತಂದು ಕೊಟ್ಟೆ.

"ಹಚ್ಕೊಳ್ಳಿ ಸಾರ್, ಕಿವಿಗೆ."

ಅವರು ಬಾಟಲಿ ನೋಡಿದರು. ನನ್ನ ನೋಡಿದರು. "ಅಂಕಲ್, ನನ್ನ ಕಿವಿಗೇನೂ ಆಗಿಲ್ಲ. ಆಂಟಿ ಹೇಳಿಕೊಟ್ಟಿದ್ದು. 'ನಮ್ಮ ಯಜಮಾನರಿಗೂ ತಿಳಿಯಲ್ಲ, ನನಗೂ ತಿಳಿಯಲ್ಲ. ಪಾಯಿಂಟು ಇದ್ರೆ ಕಿವಿ ಮುಟ್ಟಿ, ಇಲ್ದಿದ್ರೆ ಮೂಗು. ಅವರಿಗೆ ಮಾತ್ರ ಹೇಳ್ಬೇಡಿ' ಅಂದಿದ್ರು. ಆಂಟಿ ಹೋದ ಮೇಲೂ ಮುಟ್ತಾನೇ ಇದೀನಿ. ನೀವು ನೋಡಿದ್ರೆ ತಾನೇ!"

ನಾನು ಸ್ಟೂಲಿನ ಮೇಲೆ ಕೂತೆ.

ಮುಂದಿನ ಭಾನುವಾರ ಕೊನೇ ಆಟ. ಒಬ್ಬ ದಾಟಿದ, ಬಟ್ಟೆ ಬಿತ್ತು, ಇಬ್ಬರು ಕೋಚೂ ಓಡಿ ಬಂದರು. ನಾನು ಅವರ ಕಡೆ ತಿರುಗಲಿಲ್ಲ. ರೆಫ್ರಿ ಕಿವಿ ಮುಟ್ಟಿದರು. ಆರು ಹಾಕಿದೆ. ಯಾರೂ ತೆಗಿ ಅನ್ನಲಿಲ್ಲ. ಬೋರ್ಡು ನನಗೇ ಉಳಿಯಿತು.

"ರೂಲು ಯಾರು ಕಲಿಸಿದರು?" ಅಂದ ಸೋತ ಕೋಚ್.

"ನನ್ನ ಹೆಂಡತಿ," ಅಂದೆ.

ಎಣ್ಣೆ ವಾಪಸು ಕೇಳಿದೆ. ರೆಫ್ರಿ ಕೊಡಲಿಲ್ಲ. ವರ್ಷವಿಡೀ ಕೆರೆದು ಕೆರೆದು ಈಗ ಕಿವಿ ನಿಜವಾಗಿಯೂ ತುರಿಸುತ್ತಿದೆಯಂತೆ.